ಖಡಕ್ ರೊಟ್ಟಿಗೊಂದು ಮಷೀನು

"ಈ ಶ್ರಾವಣದಾಗ ನನ್ನ ರೊಟ್ಟಿ ಮುರಿದ ಸಪ್ಪಳ ಹಿಮಾಯತ್‌ನಗರದ ಓಣಿ ಓಣಿಗೂ ಕೇಳಬೇಕು! ಕೇಳಲಿಲ್ಲಂದ್ರ ನಾ ಶರಣಬಸಮ್ಮನೇ ಅಲ್ಲ!"

ಹಿಟ್ಟು ಮೆತ್ತಿದ ಕೈ ಎತ್ತಿ ಶರಣಬಸಮ್ಮ ಹೀಗೆ ಶಪಥ ಮಾಡಿದಾಗ ಅಡಿಗೆಮನೆಯಲ್ಲಿ ಕೇಳಿಸಿಕೊಂಡವರು ಇಬ್ಬರೇ. ಒಲೆಯ ಮೇಲಿನ ಹಂಚು ಒಂದು, ಬಾಗಿಲಲ್ಲಿ ಚಹಾಕ್ಕೆ ಕಾದು ನಿಂತಿದ್ದ ಮೈದುನ ಸಿದ್ದರಾಮಪ್ಪ ಇನ್ನೊಂದು.

ಶಪಥಕ್ಕೆ ಕಾರಣವಿತ್ತು. ಶ್ರಾವಣ ಪೂರ್ತಿ ನಮ್ಮ ಸಮಾಜದ ಸಭಾ ಹಾಲಿನಲ್ಲಿ ಪುರಾಣ ನಡೆಯುತ್ತದೆ. ಕಡೇ ಸೋಮವಾರ ಪುರಾಣದ ಮಂಗಲ, ಅಂದರೆ ಮುಕ್ತಾಯ. ಅವತ್ತಿನ ದಾಸೋಹಕ್ಕೆ ನಮ್ಮ ಕಡೆಯ ಎಲ್ಲ ಮನೆಗಳಿಂದಲೂ ಒಂದೊಂದು ಬುಟ್ಟಿ ಜೋಳದ ಖಡಕ್ ರೊಟ್ಟಿ ಹೋಗಬೇಕು. ಹೋದ ವರ್ಷ ಹೈದರಾಬಾದಿನ ಮಳೆ ಶರಣಬಸಮ್ಮನ ಹಿಂದಿನ ಕೋಣೆಯ ಗೋಡೆಯೊಳಗೆ ಇಳಿದು, ಗೋಡೆಯಿಂದ ಗಾಳಿಗೆ ಬಂದು, ಗಾಳಿಯಿಂದ ಬುಟ್ಟಿಗೆ ಇಳಿದಿತ್ತು. ನಾಲ್ಕು ಜನರ ಮುಂದೆ ರೊಟ್ಟಿ ಮುರಿಯಲು ಹೋದರೆ ಅದು ಮುರಿಯಲೇ ಇಲ್ಲ, ಕರವಸ್ತ್ರದಂತೆ ಮಡಚಿಕೊಂಡಿತು!

ಮೇಲಿನ ಮನೆಯ ಶಾಮಲಾ ಆಗ ಅಂದದ್ದು ಒಂದೇ ಮಾತು. "ಅಕ್ಕಾರ, ಇದನ್ನ ಮಡಚಿ ಕಿಸೇದಾಗ ಇಟ್ಕೊಂಡು ಬಸ್ಸಿನ್ಯಾಗ ಹೋಗಬಹುದು ನೋಡ್ರಿ!"

ಇಡೀ ಹಾಲು ನಕ್ಕಿತು. ಪುರಾಣ ಹೇಳುವ ಶಾಸ್ತ್ರಿಗಳು ಸೈತ ಬೊಚ್ಚು ಬಾಯಿ ಅಗಲಿಸಿ ನಕ್ಕರು. ಸಂಜೆ ಬುಟ್ಟಿ ಖಾಲಿಯಾಗಿ ಮನೆಗೆ ಬಂತು. "ದನಕ್ಕ ಹಾಕ್ಯಾರ" ಎಂದು ಶರಣಬಸಮ್ಮ ತಾನೇ ತೀರ್ಮಾನ ಮಾಡಿಕೊಂಡಳು. ಯಾರನ್ನೂ ಕೇಳಲಿಲ್ಲ. ಕೇಳಲು ಮುಖವಾದರೂ ಎಲ್ಲಿತ್ತು, ಹಾಲಿನಲ್ಲೇ ಬಿಟ್ಟು ಬಂದಿದ್ದಳಲ್ಲ!

ದಾರಿ ತೋರಿಸಿದವಳು ಸೊಸೆ ಸ್ನೇಹಲತಾ. ಅವಳಿಗೆ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಕೆಲಸ.

"ಅತ್ತೀರ, ಗಾಳ್ಯಾಗಿನ ತೇವ ಹೀರೋ ಮಷೀನ್ ಬರ್ತೈತ್ರಿ. ನಮ್ಮ ಗೋದಾಮಿನ್ಯಾಗ ಇಟ್ಟಾರ."

"ರೊಟ್ಟಿಗೆ ಮಷೀನೇನ?"

"ರೊಟ್ಟಿಗಲ್ರಿ, ಕೋಣಿಗೆ!"

"ಕೋಣಿಗಾದ್ರ ಬ್ಯಾಡ. ರೊಟ್ಟಿಗಾದ್ರ ತರೂಣು."

ಮೂವರೂ ಅಂಗಡಿಗೆ ನಡೆದರು. ಮೂರನೆಯವನು ಸಿದ್ದರಾಮಪ್ಪ. ಮಷೀನು ಎಂದ ಮೇಲೆ ಅವನಿಲ್ಲದೆ ಹೇಗೆ? ನಾಚಾರಂ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದ ಮನುಷ್ಯ! ಕೆಲಸ ಗೇಟಿನಲ್ಲಿ, ಬಂದವರ ಪಾಸು ನೋಡುವುದು. ಆದರೆ ಒಳಗೆ ಹೋದ ಮೋಟರುಗಳೆಲ್ಲ ಅವನ ಎದುರಿಗೇ ಹೋಗಿದ್ದವಲ್ಲ!

ಅಂಗಡಿಯವನು ಮೊದಲು ಟಿಫಿನ್ ಡಬ್ಬಿಯಂಥದ್ದೊಂದು ತೋರಿಸಿದ. ಅದು ಬಟ್ಟೆಯ ಕಪಾಟಿಗೆ ಮಾತ್ರವಂತೆ. ಆಮೇಲೆ ಮದುವೆ ಮಂಟಪವನ್ನೇ ಒಣಗಿಸಿಬಿಡುವಂಥ ಒಂದು ಆನೆ ತೋರಿಸಿದ. ಕಡೆಗೆ ಕೋಣೆಯ ಉದ್ದ ಅಗಲ ಕೇಳಿದ, ಗೋಡೆ ಸೋರುತ್ತದೆಯೋ ಬರೀ ತೇವವೋ ಎಂದು ಕೇಳಿದ. "ಸೋರೋದನ್ನ ಬ್ಯಾಸಗ್ಯಾಗೇ ಬಂದ್ ಮಾಡಿಸೀವ್ರಿ, ಉಳಿದದ್ದು ತೇವ ಅಷ್ಟೇ" ಎಂದಳು ಸ್ನೇಹಲತಾ. ಅವನು ಮೊಣಕಾಲೆತ್ತರದ್ದೊಂದು ಮುಂದೆ ತಂದಿಟ್ಟ.

ಶರಣಬಸಮ್ಮ ಚೀಲದಿಂದ ಒಂದು ಗಂಟು ತೆಗೆದಳು. ಗಂಟು ಬಿಚ್ಚಿದರೆ ಒಂದು ರೊಟ್ಟಿ, ನಾಲ್ಕು ಮಡಿಕೆ ಮಡಚಿದ್ದು.

"ಇದು ಪಟ್ ಅನ್ನಬೇಕು. ಅನ್ನಿಸಿ ತೋರ್ಸಪಾ, ಒಯ್ತೀನಿ."

"ಅಮ್ಮಾ, ಯೇ ತವಾ ನಹೀ ಹೈ!" ಇದು ಹಂಚಲ್ಲ ತಾಯಿ ಎಂದು ಅಂಗಡಿಯವನು ಕೈ ಮುಗಿದ. ಪಾಪ, ಆದರೂ ಸಮಾಧಾನದಿಂದ ಎಲ್ಲ ತಿಳಿಸಿದ. ಕಿಟಕಿ ಬಾಗಿಲು ಮುಚ್ಚಿರಬೇಕು. ಹೀರಿದ ನೀರು ಕೆಳಗಿನ ಟ್ಯಾಂಕಿಗೆ ಬೀಳುತ್ತದೆ, ಅದನ್ನು ದಿನಾ ಚೆಲ್ಲಬೇಕು. ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆದು ನೆರಳಲ್ಲಿ ಒಣಗಿಸಬೇಕು. ಎರಡು ಮೂರು ದಿನದಲ್ಲಿ ಕೋಣೆ ಒಣಗುತ್ತದೆ. ಶರಣಬಸಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೇ, ಆದರೆ ಕಿವಿಗೆ ಬಿದ್ದದ್ದು ಬೀಳಿಸುವವಳಲ್ಲ. ಬೆರಳು ಮಡಚುತ್ತ ಅಷ್ಟನ್ನೂ ಅವನಿಗೇ ತಿರುಗಿ ಒಪ್ಪಿಸಿದಳು.

ಈ ಪಾಠ ನಡೆದಾಗ ಸಿದ್ದರಾಮಪ್ಪ ಎಲ್ಲಿದ್ದ? ಅಂಗಡಿಯ ಇನ್ನೊಂದು ತುದಿಯಲ್ಲಿ, ಕಲ್ಲಂಗಡಿ ಹಣ್ಣು ಬಡಿದು ನೋಡಿದಂತೆ ಕೂಲರುಗಳನ್ನು ಬಡಿದು ನೋಡುತ್ತಿದ್ದ! ದುಡ್ಡು ಕೊಟ್ಟು ಮಷೀನಿನ ಪೆಟ್ಟಿಗೆ ಎತ್ತುವ ಹೊತ್ತಿಗೆ ಬಂದ.

"ಇಷ್ಟ ಸಣ್ಣದು ಏನ್ ತಂಪ ಮಾಡೀತವಾ?"

"ಕೂಲರ್ ಅಲ್ರೀ ಮಾವಾರ!"

"ಗೊತ್ತೈತವಾ, ಗೊತ್ತೈತಿ. ಇಂಥವು ನಾಚಾರಂದಾಗ ರಗಡ ನೋಡೀನಿ."

ನಾಚಾರಂ ಎಂದ ಮೇಲೆ ಆ ಮನೆಯಲ್ಲಿ ಎದುರು ಮಾತಿಲ್ಲ.

ಮಷೀನು ಹಿಂದಿನ ಕೋಣೆಗೆ ಬಂತು. ಪಕ್ಕದ ಮಂಚದ ಮೇಲೆ ಬಿಳಿ ಬಟ್ಟೆ ಹೊದ್ದ ರೊಟ್ಟಿ ಬುಟ್ಟಿ. ಶರಣಬಸಮ್ಮ ಕಿಟಕಿ ಬಿಗಿದು, "ಈ ಕೋಣ್ಯಾಗ ಸುಮ್ಮಸುಮ್ಮನ ಯಾರೂ ಕಾಲಿಡಬ್ಯಾಡ್ರಿ. ಇಟ್ರ ಉಸಿರು ಹೊರಗ ಬಿಟ್ಟು ಬರ್ರಿ!" ಎಂದು ಸಾರಿದಳು.

ಮರುದಿನ ನಸುಕಿನಲ್ಲೇ ನೋಡಿದರೆ ಟ್ಯಾಂಕು ತುಂಬಿದೆ!

"ಎಪ್ಪಾ! ಇಷ್ಟು ನೀರಾಗ ನನ್ನ ರೊಟ್ಟಿ ಈಜಾಡಾಕತ್ತಿದ್ವೇನ!" ಎಂದು ಬೆರಗಾಗಿ, ಟ್ಯಾಂಕು ಬಚ್ಚಲಿಗೆ ಬಗ್ಗಿಸಿ, ತಿರುಗಿ ಕೂಡಿಸಿ, ಲಿಂಗಪೂಜೆಗೆ ಕೂತಳು.

ಅಲ್ಲಿಂದ ದಿನವೂ ಇದೇ ನೇಮ. ದಿನವೂ ಟ್ಯಾಂಕು ಅಂಚಿನವರೆಗೆ ತುಂಬಿರುತ್ತಿತ್ತು. ಇನ್ನೊಂದು ವಿಶೇಷವೂ ಕಂಡಿತು. ಅವಳು ಪೂಜೆಗೆ ಕೂತಾಗ ಮಷೀನು ಗುಂಯ್ ಎನ್ನುತ್ತಿತ್ತು. ಪೂಜೆ ಮುಗಿಯುವಷ್ಟರಲ್ಲಿ ಗಪ್ಪು! ಮುಂದೆ ಹಗಲೂ ರಾತ್ರಿ ಮೌನ. ಗೀಸರಿನಂತೆ ಕೆಂಪು ದೀಪ ಮಾತ್ರ ಉರಿಯುತ್ತಿರುತ್ತಿತ್ತು.

"ನಮ್ಮ ಹಳೇ ಕೂಲರ್ ಲಾರಿಹಂಗ ಒದರ್ತಿತ್ತು. ಇದು ನೋಡವಾ, ಪೂಜಿ ಹೊತ್ತಿನ್ಯಾಗ ಅಷ್ಟೇ ಬಾಯಿ ಬಿಡ್ತೈತಿ. ಮಷೀನಿಗೂ ಸಂಸ್ಕಾರ ಬೇಕು!" ಎಂದು ಶಾಮಲಾಳ ಮುಂದೆ ಹೊಗಳಿದ್ದೇ ಹೊಗಳಿದ್ದು. ಹದಿನೈದನೇ ದಿನ ಜಾಲರಿ ಬಿಚ್ಚಿದರೆ ಒಂದು ಚಿಟಿಕೆ ಧೂಳೂ ಇಲ್ಲ! ನಮ್ಮ ಮನೆ ಎಷ್ಟು ಸ್ವಚ್ಛ ಎಂದು ಅದಕ್ಕೂ ಬೀಗಿದಳು.

ಒಂದೇ ಚಿಂತೆ. ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ!

"ಶಾಮಲಾ, ಈ ಊರ ಗಾಳ್ಯಾಗ ಬ್ಲೀಚಿಂಗ್ ಪೌಡರ್ ಐತವಾ! ಥೇಟ್ ನಳದ ನೀರಿನಂಗ ವಾಸನಿ!" ಎಂದು ಮೂಗಿಗೆ ಸೆರಗು ಕಟ್ಟಿಕೊಂಡು ಓಡಾಡತೊಡಗಿದಳು. ಶಾಮಲಾ ಹೆದರಿ ತನ್ನ ಮನೆಯ ಕಿಟಕಿಗಳನ್ನೂ ಹಾಕಿಕೊಂಡಳು.

ಅದಾದ ಸ್ವಲ್ಪ ದಿನಕ್ಕೆ ನೀರು ಘಮಘಮ ಎನ್ನತೊಡಗಿತು! ಶರಣಬಸಮ್ಮ ಟ್ಯಾಂಕಿಗೇ ಕೈ ಮುಗಿದಳು. ಶ್ರಾವಣದ ಗಾಳಿ, ಪುರಾಣದ ಪುಣ್ಯ! ಒಂದು ತಂಬಿಗೆ ತುಂಬಿ ಶಾಮಲಾಳಿಗೆ ಕೊಟ್ಟಳು. ಶಾಮಲಾ ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡಳು, ಉಳಿದದ್ದನ್ನು ಮನೆ ತುಂಬ ಚಿಮುಕಿಸಿದಳು.

ಕಡೇ ಸೋಮವಾರ ಹತ್ತಿರ ಬಂತು. ಗುರುವಾರ ಶರಣಬಸಮ್ಮ ಬುಟ್ಟಿಯ ಬಟ್ಟೆ ಸರಿಸಿ, ಮೇಲಿನ ರೊಟ್ಟಿ ತೆಗೆದು, ಕಣ್ಣು ಮುಚ್ಚಿ, ಪಟ್ ಎನ್ನುವುದನ್ನು ಕೇಳಲು ಕಿವಿ ಅರಳಿಸಿ ಮುರಿದಳು.

ಸಪ್ಪಳವಿಲ್ಲ. ಕಣ್ಣು ತೆರೆದರೆ ಹೋದ ವರ್ಷ ಮಡಚಿಕೊಂಡಿದ್ದ ರೊಟ್ಟಿ ಈ ವರ್ಷ ಚಾಪೆಯಂತೆ ಸುರುಳಿ ಸುತ್ತಿಕೊಂಡಿತ್ತು!

 ದಿನಾ ಇಷ್ಟು ನೀರು ಹೊರಗೆ ಹೋಗಿದೆ, ರೊಟ್ಟಿ ಮಾತ್ರ ಮೊದಲಿಗಿಂತ ಮೆತ್ತಗೆ! ಹಾಗಾದರೆ ಆ ನೀರು ಬರುವುದೆಲ್ಲಿಂದ? ಟ್ಯಾಂಕು ಎಳೆದು ಬೆಳಕಿಗೆ ಹಿಡಿದಳು. ತಳದಲ್ಲಿ ಸಣ್ಣದೊಂದು ನಾರು. ತೆಗೆದು ಮೂಸಿದಳು. ಲಾವಂಚದ ಬೇರು!

"ಗಾಳಿಗೆ ವಾಸನಿ ಇರಬಹುದು" ಎಂದುಕೊಂಡಳು ಶರಣಬಸಮ್ಮ, "ಬೇರು ಇರ್ತೈತೇನು?"

ಶುಕ್ರವಾರ ಟ್ಯಾಂಕು ಚೆಲ್ಲಿ ಪೂಜೆಗೆ ಕೂತಳು. ಒಂದು ಕಣ್ಣು ಲಿಂಗದ ಮೇಲೆ, ಒಂದು ಕಣ್ಣು ಕೋಣೆಯ ಬಾಗಿಲ ಮೇಲೆ. ಮಷೀನು ಗುಂಯ್ ಎನ್ನುತ್ತಿತ್ತು. ವಾಕಿಂಗ್ ಮುಗಿಸಿ ಸಿದ್ದರಾಮಪ್ಪ ಬಂದ. ತೋಳು ಮಡಚಿದ. ಬಚ್ಚಲಿಗೆ ಹೋಗಿ ಬಕೆಟ್ ತುಂಬಿಕೊಂಡು, ಅಭಿಷೇಕಕ್ಕೆ ಹೊರಟವನ ಗತ್ತಿನಲ್ಲಿ ಕೋಣೆಯ ಕಡೆ ನಡೆದ!

"ಸಿದ್ದರಾಮಪ್ಪಾ! ಎಲ್ಲಿಗೆ?"

"ಮಷೀನಿಗೆ ನೀರು ಹಾಕಾಕ್ರಿ ವೈನಿ. ದಿನಾ ನಾನೇ ಹಾಕಾಕತ್ತೀನಿ. ಕೂಲರಿಗೂ ನಾನೇ ಅಲ್ಲೇನ್ರಿ ಹಾಕಾಂವ? ಇದು ಭಾಳ ಕುಡೀತೈತ್ರಿ, ಬೆಳಗಾಗೋದ್ರಾಗ ಖಾಲಿ!"

"ಅದು ಕುಡದಿದ್ದಲ್ಲೋ, ನಾ ಚೆಲ್ಲಿದ್ದು!"

"ನಾ ಹಾಕಿದ್ದು ನೀವ್ಯಾಕ ಚೆಲ್ಲಿದ್ರಿ?"

"ನಾ ಚೆಲ್ಲಿದ್ದು ನೀ ಯಾಕ ತುಂಬಿದಿ? ಆ ಬೇರು?"

"ಲಾವಂಚ ರೀ, ಘಮ ಇರಲಿ ಅಂತ. ಕೂಲರಿನ ಹುಲ್ಲಿನ್ಯಾಗ ಉಳದಿತ್ತು. ಮುಂದಿನ ವಾರ ತಂಪಿಗಂತ ಬರ್ಫ್ ಹಾಕಾಂವ ಇದ್ದೆ!"

ಗದ್ದಲಕ್ಕೆ ಸ್ನೇಹಲತಾ ಬಾಯಿಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದಳು. ಕತೆ ಕೇಳಿ ಗೋಡೆ ಹಿಡಿದು ನಕ್ಕಳು. "ಮಾವಾರ, ಹೊಟ್ಟಿ ತುಂಬಿತಂದ್ರ ಅದು ಕೆಲಸ ಬಂದ್ ಮಾಡ್ತೈತ್ರಿ! ಕೆಂಪ ದೀಪ ಅಂದ್ರ ಸಾಕು ಅಂತ!"

"ಗೀಸರಿಗೆ ಕೆಂಪ ಅಂದ್ರ ನಡದೈತಿ ಅಂತ ಅಲ್ಲೇನವಾ?" ಎಂದ ಸಿದ್ದರಾಮಪ್ಪ, ಸಣ್ಣ ದನಿಯಲ್ಲಿ. ಶರಣಬಸಮ್ಮ ಅವನ ಕೈಯಿಂದ ಬಕೆಟ್ ಕಸಿದುಕೊಂಡಳು. ಅವಳೂ ಹಾಗೇ ತಿಳಿದಿದ್ದಳು!

ಮಷೀನು ಅಷ್ಟು ದಿನ ದುಡಿದದ್ದು ಪೂಜೆಯ ಹೊತ್ತು ಮಾತ್ರ. ಶಾಮಲಾ ಕಣ್ಣಿಗೆ ಒತ್ತಿಕೊಂಡದ್ದು ನಳದ ನೀರು!

"ಶಾಮಲಾಗ ಹೇಳಿದವರಿಗೆ ಈ ಮನ್ಯಾಗ ಊಟ ಇಲ್ಲ" ಎಂದಳು ಶರಣಬಸಮ್ಮ. ಇಬ್ಬರೂ ತಲೆ ಆಡಿಸಿದರು.

ಅಂದಿನಿಂದ ಮಷೀನಿನ ಅಖಂಡ ಭಜನೆ ಶುರುವಾಯಿತು. ಸಿದ್ದರಾಮಪ್ಪ ಪ್ರಾಯಶ್ಚಿತ್ತಕ್ಕೆಂದು ಕೋಣೆಯ ಬಾಗಿಲಿಗೆ ಸ್ಟೂಲು ಹಾಕಿ ಕೂತ. ಟ್ಯಾಂಕು ಬಗ್ಗಿಸುವುದು ಅವನ ಪಾಲಿಗೆ ಬಂತು. ಶರಣಬಸಮ್ಮ ಬಂದರೂ ಅಡ್ಡ ಕೈ ಚಾಚಿ, "ಪಾಸ್ ಎಲ್ಲೈತ್ರಿ ವೈನಿ?" ಎನ್ನುತ್ತಿದ್ದ. ನಾಚಾರಂ ವಿದ್ಯೆ ಕಡೆಗೂ ಕೆಲಸಕ್ಕೆ ಬಂತು!

ಭಾನುವಾರ ಸಂಜೆ ಶರಣಬಸಮ್ಮ ಒಂದು ರೊಟ್ಟಿ ಹಿಡಿದು ಮುರಿದಳು.

ಪಟ್!

ಸಿದ್ದರಾಮಪ್ಪ ಸ್ಟೂಲಿನಿಂದ ಎದ್ದು ನಿಂತ. ಶರಣಬಸಮ್ಮ ಸೆರಗಿನಿಂದ ಮಷೀನಿನ ತಲೆ ಒರೆಸಿದಳು.

ಸೋಮವಾರ ಹಾಲಿನಲ್ಲಿ ಶಾಮಲಾಳ ಕಿವಿಯ ಹತ್ತಿರವೇ ಇನ್ನೊಂದು ಮುರಿದಳು. ಪಟ್! ಶಾಮಲಾ ಬೆಚ್ಚಿದಳು. "ಅಕ್ಕಾರ, ಏನ್ ಮಾಡಿದ್ರಿ?"

"ಎಲ್ಲಾ ಆ ನೀರಿನ ಮಹಿಮಾ" ಎಂದಳು ಶರಣಬಸಮ್ಮ. ಸುಳ್ಳೇನೂ ಅಲ್ಲ!

ಪಂಕ್ತಿ ಕೂತಿತು. ಬುಟ್ಟಿ ಕಂಕುಳಲ್ಲಿಟ್ಟು, ತಲೆ ಎತ್ತಿ, ಮೊದಲ ರೊಟ್ಟಿಯನ್ನು ಶಾಸ್ತ್ರಿಗಳ ಎಲೆಗೇ ಬಡಿಸಿದಳು. ಶಾಸ್ತ್ರಿಗಳು ಅದನ್ನು ಎತ್ತಿದರು. ಬೆರಳಿನಿಂದ ಬಡಿದರು. ಟಕ್ ಟಕ್. ಮೆಲ್ಲಗೆ ಕೆಳಗಿಟ್ಟರು.

"ಯವ್ವಾ ಶರಣಬಸಮ್ಮ, ಹೋದ ವರ್ಷದಂಥಾವು ತಂದಿಲ್ಲೇನು? ಆ ಮೆತ್ತನವು?"

"ಅವನ್ನ ದನಕ್ಕ ಹಾಕಿದ್ರಲ್ರಿ ಅಜ್ಜಾರ!"

"ದನಕ್ಕ? ಯಾರು ಹೇಳಿದ್ರು? ನಮ್ಮ ಬೊಚ್ಚು ಬಾಯಿ ಪಂಕ್ತಿ ಒಂದೂ ಬಿಡಲಾರದ ಉಂಡಿತು! ಎಲ್ಲಾರ ಮನಿ ರೊಟ್ಟಿ ಕೈಯಾಗ ಹಿಡದು ಕುಂಡ್ರೂದು, ನಿನ್ನ ರೊಟ್ಟಿ ಹೊಟ್ಟಿ ತುಂಬ ಉಣ್ಣೂದು. ಈ ಸಲ ನೋಡು, ಅದರ ಸಲುವಾಗಿ ಇವರೆಲ್ಲಾ ಮುಂಚೇನೇ ಬಂದು ಕುಂತಾರ."

ಶರಣಬಸಮ್ಮ ತಿರುಗಿ ನೋಡಿದಳು. ಸಾಲಿಗೆ ಸಾಲು ಅಜ್ಜ ಅಜ್ಜಿಯರು, ಹಲ್ಲಿಲ್ಲದ ಬಾಯಿ ಅರಳಿಸಿ, ಅವಳ ಬುಟ್ಟಿಯನ್ನೇ ನೋಡುತ್ತಿದ್ದರು.

ಹಿಂದಿನಿಂದ ಸಿದ್ದರಾಮಪ್ಪ ಅವಳ ಕಿವಿಯ ಹತ್ತಿರ ಬಗ್ಗಿದ.

"ವೈನಿ, ಬಕೆಟ್ ತರ್ಲೇನ್ರಿ?"