ಆಟವಿಲ್ಲದ ಪೆಡಲು

ಕಾರಿನ ಬ್ರೇಕು ಸರಿಮಾಡಲು ಮೆಕ್ಯಾನಿಕ್ಕೇ ಬೇಕೆಂಬುದು ಮೆಕ್ಯಾನಿಕ್ಕುಗಳೇ ಹಬ್ಬಿಸಿದ ಸುದ್ದಿ ಎಂದು ಆ ಭಾನುವಾರ ಮನೆಯಲ್ಲಿ ಘೋಷಿಸಿದೆ. ಘೋಷಿಸುವ ಹಕ್ಕೂ ನನಗಿತ್ತು. ಹಿಂದಿನ ದಿನವಷ್ಟೇ ಬ್ರೇಕಿನ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರ್ ಬಿಚ್ಚಿ, ಹೊಸದನ್ನು ಕೂರಿಸಿ, ಪೈಪುಗಳಲ್ಲಿ ಸೇರಿಕೊಂಡಿದ್ದ ಗಾಳಿಯನ್ನೆಲ್ಲ ಹೊರಗಟ್ಟಿದ್ದೆ. ಅದಕ್ಕಾಗಿ ನನ್ನವಳು ಒಂದು ಗಂಟೆ ಡ್ರೈವರ್ ಸೀಟಿನಲ್ಲಿ ಕೂತು, "ಒತ್ತು" ಎಂದಾಗ ಒತ್ತಿ, "ಬಿಡು" ಎಂದಾಗ ಬಿಟ್ಟಿದ್ದಳು. ಹದಿನಾರು ವರ್ಷದ ದಾಂಪತ್ಯದಲ್ಲಿ ಅವಳು ನಾನು ಹೇಳಿದಂತೆ ಕೇಳಿದ್ದು ಅದೊಂದೇ ಗಂಟೆ.

ಒಂದೇ ಕೊರತೆ ಉಳಿದಿತ್ತು. ಪೆಡಲು ಅರ್ಧ ಇಳಿದ ಮೇಲಷ್ಟೇ ಬ್ರೇಕು ಹಿಡಿಯುತ್ತಿತ್ತು.

"ರೀ, ನಾಳೆ ಹತ್ತಕ್ಕೆ ನನ್ನ ಬಡ್ತಿ ಪರೀಕ್ಷೆ. ಹತ್ತಾದ್ರೆ ಗೇಟ್ ಹಾಕ್ತಾರೆ. ಸುಮ್ನೆ ಗ್ಯಾರೇಜಿಗೆ ತೋರಿಸಿಬಿಡಿ," ಎಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಮೂರು ತಿಂಗಳಿಂದ ಡ್ಯೂಟಿ ಮುಗಿಸಿ ಬಂದು ಓದುತ್ತಿದ್ದಳು.

"ಎರಡು ಸುತ್ತಿನ ಕೆಲಸ ಕಣೇ," ಎಂದೆ.

ಪೆಡಲಿನಿಂದ ಸಿಲಿಂಡರಿನ ಕಡೆಗೆ ಒಂದು ರಾಡು ಹೋಗುತ್ತದೆ. ಅದನ್ನು ತಿರುಗಿಸಿ ಉದ್ದ ಮಾಡಿದರೆ ಬ್ರೇಕು ಬೇಗ ಹಿಡಿಯುತ್ತದೆ. ಎರಡು ಸುತ್ತು ಕೊಟ್ಟೆ, ಚೆನ್ನಾಗಿತ್ತು. ಇನ್ನೂ ಚೆನ್ನಾಗಿರಲೆಂದು ಮತ್ತೆ ಆರು ಕೊಟ್ಟೆ. ಪೆಡಲು ಬಂಡೆಯಂತಾಯಿತು.

ಮರುದಿನ ಮಗಳ ಧೈರ್ಯಕ್ಕೆಂದು ಮಾವನೂ ಹೊರಟರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಮಿತಭಾಷಿ.

"ಅಳಿಯಂದಿರೇ, ಪೆಡಲಿಗೆ ಸ್ವಲ್ಪ ಆಟ ಬಿಟ್ಟಿದ್ದೀರಾ?"

"ಆಟಗೀಟ ಏನಿಲ್ಲ ಮಾವ. ನಂದು ಎಲ್ಲಾ ಸೀರಿಯಸ್ಸು."

ಮಾವ ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡರು.

ಮೊದಲ ಎರಡು ಕಿಲೋಮೀಟರ್ ರಾಜಠೀವಿ. ಆಮೇಲೆ ಕಾರು ಏದುಸಿರು ಬಿಡತೊಡಗಿತು. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮುನಿಸಿಕೊಂಡಿತು.

"ಏನೋ ಸುಟ್ಟ ವಾಸನೆ," ಎಂದಳು ನನ್ನವಳು.

"ಹೊರಗಿನದು," ಎಂದು ಗಾಜು ಏರಿಸಿದೆ. ವಾಸನೆ ಇನ್ನೂ ಜಾಸ್ತಿಯಾಯಿತು.

ತುಸು ಇಳಿಜಾರಾದ ಕಿರಿದಾದ ಬೀದಿಯೊಂದರಲ್ಲಿ, ಹಾಸಿಗೆ ಅಂಗಡಿಯ ಎದುರು, ಕಾರು ನಿಂತೇಬಿಟ್ಟಿತು. ಪೆಡಲಿನ ಮೇಲೆ ನನ್ನ ಕಾಲೇ ಇರಲಿಲ್ಲ. ಬ್ರೇಕು ತಾನಾಗಿಯೇ ಹಿಡಿದು ಕೂತಿತ್ತು. ಗಂಟೆ ಒಂಬತ್ತೂ ಇಪ್ಪತ್ತು. ಮೂವರೂ ಇಳಿದು ತಳ್ಳಿದೆವು. ಕದಲಲಿಲ್ಲ. ಹಿಂದೆ ನಿಂತ ವ್ಯಾನಿನವನು ತಲೆ ಹೊರಹಾಕಿ, "ಹಾಸಿಗೆ ತಗೊಂಡು ಇಲ್ಲೇ ಮಲಗೋ ಯೋಚನೆನಾ ಸಾರ್?" ಎಂದ.

ಹೆಂಡತಿ ನನ್ನನ್ನು ನೋಡಲಿಲ್ಲ. ಕೈಗಡಿಯಾರವನ್ನೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಜಂಬವೆಲ್ಲ ಅಲ್ಲೇ ಇಳಿಯಿತು.

ಮಾವ ಚಕ್ರದ ಹತ್ತಿರ ಅಂಗೈ ಹಿಡಿದರು. "ಇದರ ಮೇಲೆ ಕಾಫಿ ಕಾಯಿಸಬಹುದು. ರಾಡ್ ಉದ್ದ ಮಾಡಿದ್ದೀರಿ. ಒಳಗಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರ್ತಿಲ್ಲ, ಎಣ್ಣೆಗೆ ವಾಪಸ್ ಹೋಗೋಕೆ ದಾರಿ ಇಲ್ಲ. ಬಿಸಿ ಆದಷ್ಟೂ ಬಿಗೀತಾ ಹೋಗುತ್ತೆ. ಸ್ಪ್ಯಾನರ್ ಇದೆಯಾ?"

ಇತ್ತು. ಇಸ್ತ್ರಿ ಮಾಡಿದ ಅಂಗಿಯಲ್ಲೇ ತಲೆಕೆಳಗಾಗಿ ಪೆಡಲಿನ ಬುಡಕ್ಕೆ ತೂರಿಕೊಂಡೆ. ಕಾಲೆರಡೂ ಬೀದಿಯಲ್ಲಿದ್ದವು.

"ಹಿಂದಕ್ಕೆ ತಿರುಗಿಸಿ," ಎಂದರು ಮಾವ. "ಎಷ್ಟು ಸುತ್ತು ಕೊಟ್ಟಿದ್ರಿ?"

"ಎರಡು."

"ನಿಜ ಹೇಳಿ."

"ಎಂಟು."

ಐದನೆಯ ಸುತ್ತಿಗೆ ಕಾರು ನಿಟ್ಟುಸಿರಿಟ್ಟಂತೆ ಒಂದು ಗೇಣು ಮುಂದೆ ಸರಿಯಿತು. ಮತ್ತೊಂದು ಸುತ್ತು ತಿರುಗಿಸಿದ ಮೇಲೆ ಮಾವ ಕೈಯಿಂದ ಪೆಡಲು ಒತ್ತಿನೋಡಿದರು. ಮೊದಲೊಂದು ಚೂರು ಖಾಲಿ ಆಡಿ, ಆಮೇಲೆ ಗಟ್ಟಿಯಾಯಿತು. "ಹಾಂ, ಇದು ಆಟ. ನಟ್ ಬಿಗಿ ಮಾಡಿ," ಎಂದರು.

ಚಕ್ರ ತಣಿಯುವಷ್ಟು ಹೊತ್ತು ಕಾದು, ಅವರೇ ಓಡಿಸಿದರು. ಒಂಬತ್ತೂ ಐವತ್ತೆರಡಕ್ಕೆ ಗೇಟಿನ ಮುಂದೆ ಕಾರು ಮೆತ್ತಗೆ ನಿಂತಿತು. ಹೆಂಡತಿ ಇಳಿದು ನಾಲ್ಕು ಹೆಜ್ಜೆ ಓಡಿದವಳು ಮತ್ತೆ ತಿರುಗಿ ಬಂದಳು. ಕ್ಷಮಿಸಿದಳೆಂದುಕೊಂಡೆ.

"ಅಪ್ಪ, ವಾಪಸ್ಸೂ ನೀವೇ ಓಡಿಸಿ."

"ನಾನೇನು ಮಾಡ್ಲಿ?" ಎಂದು ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದೆ.

"ಸೆಖೆ ಆದ್ರೆ ಆ ಕಿಟಕಿ ಗಾಜು ಇಳಿಸ್ಕೊಳ್ಳಿ," ಎಂದಳು. "ಅದು ಇಳಿಯುತ್ತೆ. ಅದನ್ನ ನೀವಿನ್ನೂ ರಿಪೇರಿ ಮಾಡಿಲ್ಲ."