ಬೀಗರ ಮನೆಯಲ್ಲಿ ನಾನು ಹಾಡಿದ್ದು

ಸಂಗೀತದ ವಿಷಯದಲ್ಲಿ ನಮ್ಮದು ಒಣಬೇಸಾಯದ ಮನೆತನ. ಔರಾದದ ನಮ್ಮ ಮನೆಯಲ್ಲಿ ಅಪ್ಪ ರೇಡಿಯೋ ಹಚ್ಚುತ್ತಿದ್ದುದು ವಾರ್ತೆಗಷ್ಟೇ. ಹಾಡು ಶುರುವಾದರೆ "ಸೆಲ್ ಸುಮ್ನ ಹಾಳಾಗ್ತಾವ, ಬಂದ್ ಮಾಡು" ಎನ್ನುತ್ತಿದ್ದ. ಅವ್ವ ನಮ್ಮನ್ನು ತೊಟ್ಟಿಲಲ್ಲಿ ಮಲಗಿಸಿದ್ದು ಬೈದೇ. ಹಾಗಂತ ನಾವೇನೂ ಕೆಟ್ಟುಹೋಗಲಿಲ್ಲ. ನಾನು ಔರಾದ್ ಬಸ್ಸಿನ ಕಂಡಕ್ಟರನಾಗಿ, ಬೀದರಿನಲ್ಲಿ ಮನೆ ಮಾಡಿ, ರಿಟೈರೂ ಆದೆ. ನಮ್ಮ ಪಕ್ಕದ ಟೇಲರ್ ಚಾಚಾ ಕವ್ವಾಲಿ ಇಲ್ಲದೆ ಮಿಷನ್ ತುಳಿಯುವವರಲ್ಲ. ಕರೆಂಟ್ ಹೋಗಿ ಹಾಡು ನಿಂತರೆ ಒಂದು ಗುಂಡಿಯನ್ನೂ ಹಚ್ಚುವುದಿಲ್ಲ. ಇದೆಂಥ ಹುಚ್ಚು ಎಂದು ನಗುತ್ತಿದ್ದೆ. ಆ ನಗು ನಿಂತದ್ದು ಮಗಳು ಸುನೀತಾ ಭಾಲ್ಕಿಯ ಹುಡುಗನನ್ನು ಮೆಚ್ಚಿಕೊಂಡ ಮೇಲೆ.

ಹುಡುಗ ಒಳ್ಳೆಯವನು. ಆದರೆ ಮನೆ ಮಾತ್ರ ಭಜನೆಯ ಮನೆ. ಹುಡುಗನ ಅಪ್ಪ ಹಾರ್ಮೋನಿಯಂ ಪೇಟಿ, ಚಿಕ್ಕಪ್ಪ ತಬಲಾ. ಸೊಸೆಯಂದಿರು ರೊಟ್ಟಿ ಬಡಿಯುವಾಗಲೂ ತಾಳ ತಪ್ಪುವುದಿಲ್ಲವಂತೆ. ಕೊನೆಯ ಮಾತು ಅಜ್ಜಿಯದು. ಬೀಗತನ ಮಾಡಲು ಬಂದವರು ಒಂದು ಪದ ಹಾಡಿದ ಮೇಲೆಯೇ ಅಜ್ಜಿ ಸಕ್ಕರೆ ಕೊಡುವುದು, ಸಕ್ಕರೆ ಕೊಟ್ಟರೇನೇ ಸಂಬಂಧ ಗಟ್ಟಿ. ಇದನ್ನು ಮಗಳು ಹೇಳಿದ್ದು ನಮ್ಮನ್ನು ಭಾಲ್ಕಿಯ ಬಸ್ಸಿಗೆ ಹತ್ತಿಸುವಾಗ.

"ಒಂದ್ ನುಡಿ ಹಾಡಿದ್ರ ಸಾಕು ಅಪ್ಪಾ, ನನ್ನ ಮರ್ಯಾದಿ ಉಳಸ್ರಿ" ಎಂದು ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಇವ್ರು ಹಾಡಿದ್ರಂದ್ರ ನೀ ನಮ್ಮನ್ಯಾಗೇ ಉಳೀತಿ" ಎಂದಳು ನನ್ನ ಹೆಂಡತಿ.

ಭಾಲ್ಕಿಯಲ್ಲಿ ಜಮಖಾನೆ ಹಾಸಿತ್ತು. ಅಜ್ಜಿಯ ಮುಂದೆ ಸಕ್ಕರೆಯ ತಟ್ಟೆ. ಬೀಗರು ಪೇಟಿ ಎಳೆದುಕೊಂಡು, "ಹೂಂ, ನಡೀಲ್ರಿ" ಎಂದರು. ಒಂದು ದೇವರ ಪದವಾದರೂ ನೆನಪಾಗಬಾರದೇ! ಮಗಳ ಮುಖ ಕಣ್ಣಿಗೆ ಕಟ್ಟಿತು. ಜನ್ಮದಲ್ಲಿ ನಾನು ರಾಗ ಎಳೆದದ್ದು ಒಂದೇ ಒಂದಕ್ಕೆ. ಕಣ್ಣು ಮುಚ್ಚಿ ಅದನ್ನೇ ಎತ್ತಿದೆ: "ಜನವಾಡಾ... ಕೌಠಾ... ಸಂತಪೂರ... ಔರಾದ್, ಔರಾದ್, ಔರಾದ್!"

ತಬಲಾದ ಚಿಕ್ಕಪ್ಪ, ಪಾಪ, ತಾಳ ಹಿಡಿಯಲು ನೋಡಿ ಕೈಬಿಟ್ಟರು. ಒಳಗಿನ ಖೋಲಿಯಲ್ಲಿ ಮಲಗಿದ್ದ ಕೂಸು ಎದ್ದು ಚೀರಿತು. ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಮುಗೀತೇನ್ರಿ?" ಅಜ್ಜಿ ಕೇಳಿದರು.

"ಔರಾದ್ ಬಂತ್ರಿ ಆಯಿ. ಮುಂದ ಬಸ್ ಹೋಗಲ್ಲ."

ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ನಕ್ಕು, ಒಂದು ಚಿಟಿಕೆ ಸಕ್ಕರೆ ತೆಗೆದು ನನ್ನ ಅಂಗೈಗೆ ಹಾಕಿದರು. "ಹುಡುಗಿ ನಮ್ಮನಿಗಿ ಬರ್ಲಿ, ಬಂಗಾರದಂಗ ನೋಡ್ಕೋತೀವಿ. ಆದ್ರ ಬೀಗರೇ, ಒಂದು ಕರಾರ. ನಮ್ಮನ್ಯಾಗ ನೀವು ಇನ್ನೊಮ್ಮಿ ಹಾಡಬ್ಯಾಡ್ರಿ."

ತಲೆಯಾಡಿಸಿ ಸಕ್ಕರೆ ಬಾಯಿಗೆ ಹಾಕಿಕೊಂಡೆ. ಫೋನಿನಲ್ಲಿ ಸುದ್ದಿ ಕೇಳಿ ಮಗಳು ಸಂತೋಷಕ್ಕೆ ಅತ್ತೇಬಿಟ್ಟಳು. ನನಗೂ ಸಂತೋಷವೇ, ಸುಳ್ಳಲ್ಲ. ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡೇ ಕೂತಿದ್ದೆ. ನನಗೆ ಹಾಡಲು ಬರುವುದಿಲ್ಲವೆಂದು ನಾನು ಹೇಳಿಕೊಳ್ಳುವುದು ಬೇರೆ, ಬೀಗರು ಹೇಳುವುದು ಬೇರೆ.