ಅಟ್ಟದ ಮೇಲಿನ ಶೃಂಗಸಭೆ

ಜಂಬ ಕೊಚ್ಚಿಕೊಳ್ಳಲು ಪ್ರತಿಯೊಬ್ಬನಿಗೂ ಏನಾದರೊಂದು ಬೇಕು. ಕೆಲವರಿಗೆ ಮಗಳ ಅಂಕಪಟ್ಟಿ, ಕೆಲವರಿಗೆ ಹೊಸ ಬೈಕು, ನಮ್ಮ ಪ್ರಿನ್ಸಿಪಾಲರಿಗೆ ತಮ್ಮ ರಕ್ತದೊತ್ತಡ. ಈ ವಯಸ್ಸಿನಲ್ಲೂ ಹುಡುಗರದ್ದರ ಹಾಗಿದೆಯಂತೆ. ನನಗೆ ಇಂಥದ್ದೇನೂ ದಕ್ಕದ ಕಾರಣ ನಾನು ಇಡೀ ಜಗತ್ತನ್ನೇ ಇಟ್ಟುಕೊಂಡಿದ್ದೇನೆ. ಹೊಸದುರ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ನಾನು ಪ್ರತಿ ಸೋಮವಾರ ಸ್ಟಾಫ್ ರೂಮಿನ ಹಲಗೆಯ ಮೇಲೆ ‘ಈ ವಾರ ಜಗತ್ತಿನಲ್ಲಿ’ ಎಂದು ಬರೆಯುತ್ತೇನೆ. ಅಮೆರಿಕದವರು ಬಡ್ಡಿ ದರದ ಬಗ್ಗೆ ಯಾವತ್ತು ಕೂರುತ್ತಾರೆ, ತೈಲ ದೇಶಗಳವರು ಯಾವತ್ತು ಸೇರುತ್ತಾರೆ, ಯಾರು ಯಾರ ಮೇಲೆ ಸುಂಕ ಹಾಕುವ ಗಡುವು ಯಾವತ್ತು ಮುಗಿಯುತ್ತದೆ, ಎಲ್ಲವೂ ಅಲ್ಲಿರುತ್ತದೆ. ಸಹೋದ್ಯೋಗಿಗಳು ಟೀ ಕುಡಿಯುತ್ತ ಅದನ್ನು ಓದುತ್ತಾರೆ. ಓದದೆ ಬೇರೆ ದಾರಿಯಿಲ್ಲ, ಹಲಗೆ ಇರುವುದು ಟೀ ಫ್ಲಾಸ್ಕಿನ ಮೇಲೆಯೇ.

ಬಾಗೂರಿನ ನಮ್ಮ ಮನೆಯಲ್ಲಿ ಹಲಗೆಯ ಬದಲು ಕ್ಯಾಲೆಂಡರು. ಹಾಲಿನವನು ಬಾರದ ದಿನ, ಗ್ಯಾಸ್ ಬುಕ್ ಮಾಡಿದ ದಿನಗಳಿಗೆ ನನ್ನ ಹೆಂಡತಿ ಗಿರಿಜಾ ನೀಲಿ ಪೆನ್ನಿನಲ್ಲಿ ಗುರುತು ಹಾಕುತ್ತಾಳೆ. ಜಾಗತಿಕ ಸಭೆಗಳಿಗೆ ನಾನು ಕೆಂಪು ಸುತ್ತು ಹಾಕುತ್ತೇನೆ. ಹೊಳಲ್ಕೆರೆಯಿಂದ ಬಂದಿದ್ದ ನನ್ನ ಷಡ್ಡಕ ಒಮ್ಮೆ ಆ ಸುತ್ತುಗಳನ್ನೆಲ್ಲ ಎಣಿಸಿ, ‘ಒಂದೇ ತಿಂಗಳಾಗೆ ಇಷ್ಟೊಂದು ಮದುವೆಗೆ ಹೋಗಾದು ಐತೇನಪ್ಪ ನಿಮಗೆ’ ಎಂದು ಮರುಕಪಟ್ಟ. ಆತನಿಗೆ ಜಾಗತಿಕ ಆರ್ಥಿಕ ಮುನ್ನೋಟವೆಂದರೇನೆಂದು ವಿವರಿಸಿದೆ. ಅಂದಿನಿಂದ ಆತ ಬೆಳಿಗ್ಗೆ ಬಂದರೆ ಮಧ್ಯಾಹ್ನದ ಊಟಕ್ಕೂ ನಿಲ್ಲುವುದಿಲ್ಲ.

ಇನ್ನು ತೊಂದರೆಯ ವಿಷಯ. ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕಾಯಿ ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿ, ಅಂದರೆ ಗಿಟುಕು, ಆಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ಇನ್ನೂ ಹಸಿ, ಗಡಗಡ ಎಂದರೆ ಸಿದ್ಧ. ಈ ವಿದ್ಯೆ ಗಿರಿಜಾಳಿಗೆ ತವರಿನಿಂದ ಬಂದದ್ದು. ಹೋದ ಬೇಸಿಗೆಯಲ್ಲಿ ಒಂದು ದಿನ ಆಕೆ ಏಣಿ ಹತ್ತಿ, ನಾಲ್ಕು ಕಡೆಯ ನಾಲ್ಕು ಕಾಯಿ ಅಲ್ಲಾಡಿಸಿ, ಇಳಿದು ಬಂದು, ಕಾಯಿ ಆಗಿದೆ, ಕೊಬ್ಬರಿ ಕೊಳ್ಳುವ ಬಾಷಾ ಸಾಬ್ರಿಗೆ ಹೇಳಿ ಕಳಿಸಿ ಎಂದಳು. ಮಳೆಗೆ ಮುಂಚೆ ಅಟ್ಟ ಖಾಲಿಯಾದರೆ ಒಡೆದದ್ದನ್ನು ಬದಲಿಸಿ ಹೆಂಚು ಕೈಯಾಡಿಸಬಹುದು ಎಂಬುದು ಆಕೆಯ ಲೆಕ್ಕ.

ನಾನು ಕ್ಯಾಲೆಂಡರಿನ ಕಡೆ ಕೈ ತೋರಿಸಿದೆ. ಮೂರು ವಾರದಲ್ಲಿ ಎರಡು ದೊಡ್ಡ ದೇಶಗಳ ನಾಯಕರು ಎದುರುಬದುರು ಕೂರಲಿದ್ದರು. ಅವರು ಸುಂಕದ ಜಗಳ ಮುಗಿಸಿಕೊಂಡರೆ ವ್ಯಾಪಾರ ಕುದುರುತ್ತದೆ, ಕುದುರಿದರೆ ಹೊರಗಿನ ಅಡುಗೆ ಎಣ್ಣೆ ತುಟ್ಟಿಯಾಗುತ್ತದೆ, ಎಣ್ಣೆ ತುಟ್ಟಿಯಾದರೆ ಕೊಬ್ಬರಿ ಏರಲೇಬೇಕು. ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಗಿರಿಜಾ ಪೂರ್ತಿ ಕೇಳಿಸಿಕೊಂಡು, “ಅವರಿಬ್ರೂ ಕೊಬ್ಬರಿ ತಿಂತಾರೇನ್ರೀ?” ಎಂದಳು. ನಾನು ನಕ್ಕೆ. ತಿಳಿದವರು ಹೀಗೇ ನಗಬೇಕು.

ಸುದ್ದಿ ಬೀದಿಗೆ ಹಬ್ಬಿತು. ಎದುರುಮನೆಯ ತಿಪ್ಪೇಸ್ವಾಮಿ ಬಂದು ಕುಂತು, ಹೂಂಗುಟ್ಟಿ, “ಮೇಷ್ಟ್ರು ಹೇಳಿದ ಮೇಲೆ ಮುಗೀತು ಬಿಡ್ರಿ, ನಮ್ಮ ಕಾಯೂ ಅಟ್ಟದಾಗೇ ಇರ್ಲಿ” ಎಂದ. ಅವನ ಹಿಂದೆ ಇನ್ನೂ ಮೂರು ಮನೆಯವರು ಹಾಗೇ ಅಂದರು. ಐದು ಮನೆಯ ಅಟ್ಟಗಳು ನನ್ನ ಒಂದು ಮಾತಿಗೆ ನಿಂತಿವೆ ಎಂದು ನೆನೆದಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು. ದಿನಾ ಊಟಕ್ಕೆ ಕೂತಾಗ ತಲೆಯೆತ್ತಿ ಅಟ್ಟದ ಅಂಚಿನ ಕಾಯಿಗಳನ್ನು ನೋಡುವುದು ನನಗೆ ರೂಢಿಯಾಯಿತು.

ಅದೇ ಉಬ್ಬಿನಲ್ಲಿ ಚಿತ್ರದುರ್ಗಕ್ಕೆ ಮೂರು ದಿನದ ತರಬೇತಿಗೆ ಹೋದೆ. ಅಲ್ಲಿ ಯಾರೋ ಪಾಪದವರು ಮುಂದಿನ ವರ್ಷ ಹೇಗಿರಬಹುದು ಸಾರ್ ಎಂದು ಕೇಳಿ, ಮಧ್ಯಾಹ್ನದ ಬಿಡುವನ್ನೆಲ್ಲ ಕಳೆದುಕೊಂಡರು. ಸಂಜೆ ಚಂದ್ರವಳ್ಳಿಗೆ ಹೋದಾಗ, ಇಲ್ಲಿ ರೋಮಿನ ನಾಣ್ಯ ಸಿಕ್ಕಿದೆ, ಅಂದರೆ ಆ ಕಾಲದಲ್ಲೇ ಈ ಬಂಡೆಯ ಮೇಲೆ ಕೂತು ರೋಮಿನ ಸಂಗತಿ ಹೇಳುವ ಒಬ್ಬ ತಿಳಿದವನು ಇದ್ದಿರಲೇಬೇಕು ಎಂದೆ. ಅವನು ನನ್ನ ಪೂರ್ವಜನೇ ಇರಬಹುದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಊರಿಗೆ ಮರಳಿದ ಮೇಲೆ ಒಂದು ವಿಷಯ ಗಮನಿಸಿದೆ: ಸ್ನಾನದ ನೀರು ಮೊದಲಿಗಿಂತ ಚೆನ್ನಾಗಿ ಕಾಯುತ್ತಿತ್ತು, ಒಲೆಯ ಪಕ್ಕ ಚಿಪ್ಪಿನ ರಾಶಿಯೇ ಇತ್ತು. ಒಳ್ಳೆಯ ಮನೆ, ಒಳ್ಳೆಯ ಹೆಂಡತಿ ಎಂದು ಸಂತೋಷಪಟ್ಟು ಮೈ ಒರೆಸಿಕೊಂಡೆ. ಅರ್ಥಶಾಸ್ತ್ರಜ್ಞನಾದವನು ಚಿಪ್ಪಿನಂಥ ಸಣ್ಣ ವಿಷಯಗಳ ಬಗ್ಗೆ ಯೋಚಿಸುವುದಿಲ್ಲ.

ಸಭೆಗೆ ಎರಡು ದಿನ ಇರುವಾಗ ಅದು ಮುಂದಕ್ಕೆ ಹೋಯಿತು. ಯಾಕೆ ಎಂದು ಇಬ್ಬರೂ ಹೇಳಲಿಲ್ಲ. ಅದೇ ವಾರ ಕೊಬ್ಬರಿ ರೇಟು ಇಳಿಯಿತು. ಆ ವಾರದಲ್ಲೇ ಒಂದು ಸಂಜೆ ಗಾಳಿಯ ಜೊತೆ ಮಳೆಯೂ ಬಂತು. ಹೆಂಚಿನ ಮೇಲೆ ಹನಿ ಬೀಳುವ ಸದ್ದಿಗೆ ಓದುತ್ತಿದ್ದ ಪೇಪರನ್ನು ಕೆಳಗಿಟ್ಟೆ. ತೇವ ಹಿಡಿದರೆ ಗಿಟುಕು ಬೂಷ್ಟು ಕಟ್ಟುತ್ತದೆ. ನಮ್ಮದು ಹೋದರೆ ಹೋಗಲಿ, ನನ್ನ ಮಾತು ನಂಬಿದ ನಾಲ್ಕು ಮನೆಗಳ ಗತಿ? ನನಗೆ ನಿಜವಾಗಿ ನಾಚಿಕೆಯಾಯಿತು. ಛತ್ರಿ ಹಿಡಿದು ತಿಪ್ಪೇಸ್ವಾಮಿಯ ಮನೆಗೆ ಹೋಗಿ, ತಪ್ಪಾಯಿತಪ್ಪ, ನನ್ನ ಅಂದಾಜು ಕೈಕೊಟ್ಟಿತು ಎಂದೆ. ಈ ಮಾತನ್ನು ನಾನು ಜೀವನದಲ್ಲಿ ಹೇಳಿದ್ದು ಅದೇ ಮೊದಲು.

ತಿಪ್ಪೇಸ್ವಾಮಿ ತಲೆ ಕೆರೆದುಕೊಂಡ. ಅವನ ಹೆಂಡತಿ ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು.

“ಬೇಜಾರು ಮಾಡ್ಕಬ್ಯಾಡ್ರಿ ಮೇಷ್ಟ್ರೆ. ನೀವು ದುರ್ಗಕ್ಕೆ ಹೋದಾಗ ನಿಮ್ಮನೇರು ಬಂದು ಕಾಯಿ ಅಲ್ಲಾಡಿಸಿ ನೋಡಿ, ಸುಲಿಸಿ ಅಂದ್ರು. ಐದೂ ಮನೇದು ಒಟ್ಟಿಗೇ ಸುಲಿಸಿ ಬಾಷಾ ಸಾಬ್ರ ಗಾಡಿಗೆ ಹಾಕಿದ್ವಿ. ಒಳ್ಳೆ ರೇಟೇ ಸಿಕ್ತು. ನಿಮಗೆ ಹೇಳಬ್ಯಾಡ್ರಿ ಅಂದಿದ್ರು.”

ಮನೆಗೆ ಬಂದು ಏಣಿ ಹಾಕಿದೆ. ಅಂಚಿಗೆ, ಊಟದ ಜಾಗಕ್ಕೆ ಕಾಣುವಷ್ಟು, ಒಂದೇ ಒಂದು ಸಾಲು ಕಾಯಿ. ಅದರ ಹಿಂದೆ ಅಟ್ಟ ಗುಡಿಸಿ ಸ್ವಚ್ಛವಾಗಿತ್ತು. ಹೆಂಚು ಕೂಡ ಕೈಯಾಡಿಸಿಯಾಗಿತ್ತು. ಒಂದು ಹನಿಯೂ ಒಳಗೆ ಬಿದ್ದಿರಲಿಲ್ಲ. ಏಣಿಯ ಮೇಲಿಂದಲೇ, ಈ ಸಾಲು ಯಾಕೆ ಬಿಟ್ಟೆ ಎಂದು ಕೇಳಿದೆ. ಕೆಳಗೆ ರೊಟ್ಟಿ ತಟ್ಟುತ್ತಿದ್ದ ಗಿರಿಜಾ ತಲೆಯೆತ್ತದೆ ಹೇಳಿದಳು.

“ದಿನಾ ಊಟಕ್ಕೆ ಕುಂತಾಗ ಮ್ಯಾಲೆ ನೋಡ್ತಿದ್ರಿ, ಮಕ ಅರಳ್ತಿತ್ತು. ಅದನ್ನ ಯಾಕೆ ಕೆಡಿಸ್ಲಿ ಅಂತ ಬಿಟ್ಟೆ. ಕಾಯಿ ಗಡಗಡ ಅಂದಿದ್ದನ್ನ ನಾನು ಕೇಳಿದ್ದು, ನಿಮ್ಮ ಮೇಲೆ ಹಟ ಏನಿಲ್ಲ.”

ಏಣಿಯ ಮೇಲಿದ್ದ ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಐದು ಮನೆಯ ವರ್ಷದ ಫಸಲು ಉಳಿಸಿ, ಜೊತೆಗೆ ಗಂಡನ ಮುಖವನ್ನೂ ಉಳಿಸಿದ ಹೆಣ್ಣು ನನ್ನ ಹೆಂಡತಿ ಎಂದು ಹೆಮ್ಮೆಪಟ್ಟೆ. ಅದನ್ನು ಆಕೆಗೆ ಹೇಳಿಯೂ ಬಿಟ್ಟೆ. ರೊಟ್ಟಿ ಆರುತ್ತದೆ ಇಳೀರಿ ಎಂದಳು.

ಮರುದಿನ ಸ್ಟಾಫ್ ರೂಮಿನಲ್ಲಿ, ಸಭೆ ಮುಂದಕ್ಕೆ ಹೋಯಿತಲ್ಲ, ನಿಮ್ಮ ಕೊಬ್ಬರಿ ಏನಾಯಿತು ಎಂದು ಕನ್ನಡ ಮೇಷ್ಟ್ರು ಕೇಳಿದರು. ಕೇಳಲೆಂದೇ ಕಾದಿದ್ದರೆಂದು ಕಾಣುತ್ತದೆ. ನಾನು ಎದೆಯುಬ್ಬಿಸಿ, “ನಮ್ಮ ಮನೆಯ ಅಂದಾಜಿನ ಪ್ರಕಾರ ಮೊದಲೇ ಮಾರಿದೆವು” ಎಂದೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

ಈಗ ಆ ಇಬ್ಬರು ನಾಯಕರ ಸಭೆಗೆ ಹೊಸ ದಿನ ಗೊತ್ತಾಗಿದೆ. ಕೆಂಪು ಸುತ್ತು ಹಾಕಿದ್ದೇನೆ. ಅಟ್ಟದ ಆ ಒಂದು ಸಾಲು, ಒಟ್ಟು ಹದಿನಾಲ್ಕು ಕಾಯಿ, ಪೂರ್ತಿ ನನ್ನ ಅಂದಾಜಿಗೆ ಬಿಟ್ಟದ್ದು. ಸಭೆ ಮುಗಿಯುವ ತನಕ ಮುಟ್ಟಕೂಡದು ಎಂದು ಮನೆಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದೇನೆ. ನಿನ್ನೆ ಊಟಕ್ಕೆ ಕೂತಾಗ ಎಣಿಸಿದೆ, ಹದಿಮೂರಿದ್ದವು. ತಟ್ಟೆಯಲ್ಲಿದ್ದ ಕೊಬ್ಬರಿ ಚಟ್ನಿಪುಡಿ ಬಹಳ ರುಚಿಯಾಗಿತ್ತು. ಎರಡನೆಯ ಸಲ ಹಾಕಿಸಿಕೊಂಡೆ.